ಅವ್ವನ ವೋಟು, ಕಾಕಾನ ಮಗ್ಗ ಮತ್ತು ನನ್ನ ಸರ್ವೆ

2023ರ ಮೇ ಮೊದಲ ವಾರ. ವರ್ಕ್ ಫ್ರಂ ಹೋಮ್ ಹಾಕಿ ಬೆಂಗಳೂರಿನಿಂದ ಬಾಗಲಕೋಟೆಯ ನವನಗರಕ್ಕೆ ಬಂದಿದ್ದೆ. ಮಧ್ಯಾಹ್ನ ಟ್ಯಾಬ್ ಹಿಡಿದ ಹುಡುಗನೊಬ್ಬ ಬಾಗಿಲಿಗೆ ಬಂದ. ‘ಈ ಸಲ ಯಾರಿಗೆ ಹಾಕ್ತೀರ್ರೀ?’

ಅವ್ವ ನೀರು ಕೊಟ್ಟು, ‘ಎಲ್ಲಾರೂ ಛಲೋ ಅದಾರ ಬಿಡಪಾ’ ಎಂದು ನಕ್ಕಳು. ಸಂಜೆ ಒಂದು ಪಕ್ಷದವರು ಬಂದರು. ‘ನಿಮಗ ಹಾಕ್ತೀವ್ರೀ’ ಅಂದಳು. ಮರುದಿನ ಇನ್ನೊಂದು ಪಕ್ಷದವರು ಬಂದರು. ‘ನಿಮ್ಮನ್ನ ಬಿಟ್ಟು ಇನ್ಯಾರಿಗ್ರೀ?’

‘ಹಿಂಗ ಸುಳ್ಳ ಹೇಳಿದ್ರ ಹೆಂಗವ್ವಾ?’ ಅಂದೆ.

‘ಖರೇ ಹೇಳಿದ್ದಕ್ಕ ನಿಮ್ಮ ಕಾಕಾಗ ಏನಾತು, ನೆನಪೈತಿಲ್ಲ?’ ಅಂದಳು. ನಾನು ಸುಮ್ಮನಾದೆ.

ಕಾಕಾ ಇಳಕಲ್ಲಿನಲ್ಲಿ ಕೈಮಗ್ಗದ ನೇಕಾರರು. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯ ಮತ್ತು ಶ್ರೀರಾಮುಲು ಎದುರುಬದುರಾದಾಗ, ಕಾಕಾ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತಮಗೆ ಅನ್ನಿಸಿದ್ದನ್ನು ಬರೆದರು. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಕಾಲೇಜು ಗೆಳೆಯರ ನಡುವೆ ಗೂಗಲ್ ಫಾರ್ಮ್ ಹಂಚಿ ಮಾಡಿದ್ದ ‘ಸರ್ವೆ’ ತೋರಿಸಿ, ‘ಡೇಟಾ ಇಲ್ಲದೆ ಮಾತಾಡಬೇಡಿ ಕಾಕಾ, ಓದಿದವರು ಹೇಳೋದು ಕೇಳಿ’ ಎಂದು ಬರೆದೆ. ಕಾಕಾ ಗ್ರೂಪ್ ಬಿಟ್ಟರು. 2022ರಲ್ಲಿ ನನ್ನ ಮದುವೆಗೆ ಬಂದು, ಅಕ್ಕಿಕಾಳು ಹಾಕಿ, ಊಟ ಮಾಡದೆ ಹೋದರು.

ಆ ‘ಡೇಟಾ’ ಎಷ್ಟು ಪೊಳ್ಳು ಅಂತ ಗೊತ್ತಾಗಿದ್ದು ಆಮೇಲೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಊರು ಒಂದೇ ಪಾತ್ರೆಯಲ್ಲ. ನಮ್ಮ ನವನಗರವನ್ನೇ ನೋಡಿ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಇದು. ಮುಳುಗಡೆ ಸಂತ್ರಸ್ತರ ಜೊತೆ ಬೇರೆ ಜಿಲ್ಲೆಯ ನೌಕರರೂ ಇದ್ದಾರೆ, ಮೆಡಿಕಲ್ ಕಾಲೇಜಿನ ಹುಡುಗರೂ ಇದ್ದಾರೆ. ಡಿಸಿ ಆಫೀಸ್ ಮುಂದೆ ನಿಂತು ನೂರು ಜನರನ್ನು ಕೇಳಿದರೆ ನವನಗರದ ಮನಸ್ಸು ಸಿಗುವುದಿಲ್ಲ, ಆಫೀಸಿಗೆ ಬಂದವರ ಮನಸ್ಸು ಸಿಗುತ್ತದೆ.

ನನ್ನ ತಪ್ಪನ್ನು 1936ರಲ್ಲೇ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ದೊಡ್ಡದಾಗಿ ಮಾಡಿತ್ತು. ಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46 ರೂಸ್‌ವೆಲ್ಟ್ ಪಾಲಾದವು. ಬರೀ 50 ಸಾವಿರ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಎಷ್ಟು ಜನ ಅನ್ನುವುದಕ್ಕಿಂತ ಯಾರು ಅನ್ನುವುದು ಮುಖ್ಯ.

ಎಲ್ಲರಿಗೂ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿ 1,000 ಜನರನ್ನು ಕೇಳಿದರೆ, ಇಡೀ ರಾಜ್ಯದ ಲೆಕ್ಕ ಹೆಚ್ಚುಕಮ್ಮಿ 3 ಪರ್ಸೆಂಟ್ ಆಚೀಚೆ ಸಿಗುತ್ತದೆ. ಆದರೆ 224 ಕ್ಷೇತ್ರಗಳಲ್ಲಿ ನಮ್ಮ ಜಿಲ್ಲೆಯವು 7. ಅಂದರೆ ಆ ಸಾವಿರದಲ್ಲಿ ನಮ್ಮವರು ಮೂವತ್ತು ಜನ! ಅಷ್ಟರಲ್ಲಿ ಬಾದಾಮಿ ಬಗ್ಗೆ ಏನು ಹೇಳುವುದು? 2018ರಲ್ಲಿ ಅಲ್ಲಿ ಸಿದ್ದರಾಮಯ್ಯ ಗೆದ್ದದ್ದು 1,696 ಮತಗಳಿಂದ.

ಇನ್ನೊಂದು ಮೋಜು ಕೇಳಿ. 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು 38 ಪರ್ಸೆಂಟ್ ಮತ, ಬಿಜೆಪಿಗೆ 36. ಮೇ 15ರ ಎಣಿಕೆಯಲ್ಲಿ ಸೀಟು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. 2023ರಲ್ಲೂ ಬಿಜೆಪಿ ಮತ ಹತ್ತಿರಹತ್ತಿರ 36 ಪರ್ಸೆಂಟೇ. ಕಾಂಗ್ರೆಸ್ ಸುಮಾರು 43ಕ್ಕೆ ಏರಿದ್ದರಿಂದ ಬಿಜೆಪಿ ಸೀಟು 66ಕ್ಕೆ ಇಳಿಯಿತು. ‘ಜನ ಪೂರ್ತಿ ತಿರುಗಿಬಿದ್ದರು’ ಅಂತ ಟಿವಿಯವರು ಕೂಗುವಾಗ ಈ ಲೆಕ್ಕ ನೆನಪಿರಲಿ.

ಮತದಾನದ ಮರುದಿನ, ಮೇ 11ಕ್ಕೆ, ಇಳಕಲ್ ಬಸ್ ಹತ್ತಿದೆ. ಕಾಕಾ ಕುಣಿ ಮಗ್ಗದಲ್ಲಿ ಕೂತಿದ್ದರು. ‘ಬಾ ತಮ್ಮಾ’ ಅಂದರು, ಮುಖ ಎತ್ತಲಿಲ್ಲ.

‘ತಪ್ಪಾತು ಕಾಕಾ. ಅವತ್ತ ನಿಮ್ಮನ್ನ ಕೇಳಬೇಕಾಗಿತ್ತು, ಕೇಳಲಿಲ್ಲ’ ಅಂದೆ.

ಲಾಳಿ ನಿಂತಿತು. ‘ಈಗರ ಕೇಳು.’

ಯಾರಿಗೆ ಹಾಕಿದಿರಿ ಅಂತ ಕೇಳಲಿಲ್ಲ. ‘ಸರ್ಕಾರ ಪುಕ್ಕಟೆ ಯೋಜನೆಗೆ ದುಡ್ಡು ಸುರೀಬೇಕಾ?’ ಅಂದೆ. ‘ಬ್ಯಾಡ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕೂಲಿಗೆ ಹೋಗೋ ಹೆಣ್ಮಕ್ಕಳಿಗೆ ಬಸ್ ಫ್ರೀ ಮಾಡಿದ್ರ?’ ಅಂದೆ. ‘ಮಾಡಲಿ, ಪಾಪ.’ ಮಾತು ಹೆಚ್ಚುಕಮ್ಮಿ ಅದೇ, ಕೇಳಿದ ರೀತಿ ಬೇರೆ. ಪ್ರಶ್ನೆ ಬರೆಯುವವನೇ ಅರ್ಧ ಉತ್ತರ ಬರೆದಿರುತ್ತಾನೆ.

1985ರ ಕಾಯ್ದೆ ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕಷ್ಟೇ ಮೀಸಲಿಟ್ಟಿದೆ. ‘ಸರ್ಕಾರ ಅದನ್ನ ಗಟ್ಟಿಯಾಗಿ ಜಾರಿ ಮಾಡಬೇಕು, ಇಲ್ಲಂದ್ರ ಪವರ್‌ಲೂಮ್ ನಮ್ಮನ್ನ ನುಂಗತೈತಿ’ ಅನ್ನುವುದು ಕಾಕಾನ ವಾದ. ಪುಸ್ತಕದ ಪ್ರಕಾರ ಇದು ಎಡಪಂಥದ ಮಾತು. ಆದರೆ ಮದುವೆ, ಮಡಿ, ಸಂಪ್ರದಾಯದ ವಿಷಯಕ್ಕೆ ಬಂದರೆ ಅವರು ಅಪ್ಪಟ ಬಲ. ನಾನು ಉಲ್ಟಾ. ಟ್ಯಾಕ್ಸ್ ಕಡಿಮೆ ಇರಲಿ, ಮಾರುಕಟ್ಟೆ ತನ್ನಷ್ಟಕ್ಕೆ ನಡೆಯಲಿ ಅನ್ನುವವನು, ಜಾತಿ ನೋಡದೆ ಮದುವೆಯಾಗಲಿ ಅನ್ನುವವನೂ ಹೌದು. 1789ರ ಫ್ರೆಂಚ್ ಸಭೆಯಲ್ಲಿ ರಾಜನ ಪರ ಇದ್ದವರು ಬಲಕ್ಕೆ, ವಿರೋಧಿಗಳು ಎಡಕ್ಕೆ ಕೂತದ್ದರಿಂದ ಹುಟ್ಟಿದ ಹೆಸರುಗಳಿವು. ಹಣಕಾಸಿಗೆ ಒಂದು ಗೆರೆ, ಸಂಪ್ರದಾಯಕ್ಕೆ ಇನ್ನೊಂದು ಗೆರೆ ಎಳೆದರೆ ನಾನು, ಕಾಕಾ ಬೇರೆ ಬೇರೆ ಮೂಲೆಯಲ್ಲಿ ಕೂತಿದ್ದೇವೆ. ಕಾಕಾ ಯಾಕೆ ಅಲ್ಲಿದ್ದಾರೆ ಅಂತ ಗೊತ್ತಾಗಬೇಕಾದರೆ ಅವರ ಮಗ್ಗದ ಪಕ್ಕ ಅರ್ಧ ದಿನ ಕೂರಬೇಕಾಯಿತು.

ಹಿಂದಿನ ಸಂಜೆ ಹಲವು ಎಕ್ಸಿಟ್ ಪೋಲ್‌ಗಳು ಅತಂತ್ರ ಎಂದಿದ್ದವು. ಆ್ಯಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಎಂದಿತ್ತು. ಮೇ 13ಕ್ಕೆ ಬಂದದ್ದು 135. ಸರಿಯಾಗಿ ಕೇಳಿದರೆ ಲೆಕ್ಕ ಸಿಗುತ್ತದೆ, ಅವ್ವನಂಥವರು ಎಷ್ಟೇ ಆಟ ಆಡಿಸಿದರೂ!

ಕಾಕಾ ಇನ್ನೂ ಗ್ರೂಪಿಗೆ ಮರಳಿಲ್ಲ. ಯಾರಿಗೆ ಹಾಕಿದರೋ, ನಾನು ಕೇಳಿಲ್ಲ. ಅವತ್ತು ಮಾತ್ರ ಇಬ್ಬರೂ ಒಟ್ಟಿಗೆ ಕೂತು ರೊಟ್ಟಿ ಊಟ ಮಾಡಿದೆವು. ನಿಮ್ಮ ಮನೆಯ ಗ್ರೂಪಿನಿಂದಲೂ ಯಾರಾದರೂ ಹೀಗೆ ಎದ್ದು ಹೋಗಿದ್ದರೆ, ಒಂದು ಫೋನ್ ಮಾಡಿ. ಮೊದಲು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೂ ಸುಮ್ಮನಿರಿ.