ಬಫೆಯ ತಟ್ಟೆ ರೂಮಿಗೆ ಹೋಗಬಹುದಾ? ಉಳವಿ ಕಾಡಿನಲ್ಲಿ ನಿಂತು ಒಂದು ಲೆಕ್ಕ

ಉಳವಿಗೆ ಹೋಗಿದ್ದಾಗ ಜೋಯಿಡಾ ಕಡೆಯ ಒಂದು ವಸತಿಯಲ್ಲಿ ಉಳಿದುಕೊಂಡಿದ್ದೆವು. ಅಮ್ಮನಿಗೆ ಮೊಣಕಾಲು ನೋವು. ಊಟದ ಹಾಲ್‌ಗೆ ಹೋಗಬೇಕೆಂದರೆ ಮೂವತ್ತು ನಲವತ್ತು ಮೆಟ್ಟಿಲು ಇಳಿಯಬೇಕು. ಒಂದು ತಟ್ಟೆಗೆ ಅನ್ನ, ಸಾರು, ಪಲ್ಯ ಬಡಿಸಿಕೊಂಡು, ಎರಡು ಚಪಾತಿ ಫಾಯಿಲ್‌ನಲ್ಲಿ ಸುತ್ತಿಕೊಂಡು ಹೊರಟೆ. ಬಡಿಸುತ್ತಿದ್ದ ಹುಡುಗ ತಡೆದ. 'ರೂಮಿಗೆ ಒಯ್ಯೋದು ಬ್ಯಾಡ್ರಿ. ಅವರಿಗೆ ನಾವೇ ತಂದ್ ಕೊಡ್ತೀವಿ.'

ನನಗೆ ಸಿಟ್ಟು ಬಂತು. ತಲೆಗಿಷ್ಟು ಅಂತ ದುಡ್ಡು ಕೊಟ್ಟಿದ್ದೇವೆ, ಎಲ್ಲಿ ಕೂತು ತಿಂದರೆ ಇವನಿಗೇನು? ಅವನ ಮಾತು ಕೇಳದೆ ಒಯ್ದೆ. ಅಮ್ಮ ಅರ್ಧ ಉಂಡು ಬಿಟ್ಟರು. ತಟ್ಟೆಯನ್ನು ಬಾಗಿಲ ಹೊರಗಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ತಟ್ಟೆ ಬೋರಲು ಬಿದ್ದಿತ್ತು, ಅನ್ನ ಅಂಗಳದ ತುಂಬ ಚೆಲ್ಲಿತ್ತು. ಒಂದು ಮಂಗ ಮರದ ಮೇಲೆ ಕೂತು ಫಾಯಿಲ್ ಹರಿದು ನೆಕ್ಕುತ್ತಿತ್ತು. ಅದೇ ಹುಡುಗ ಬಂದು, ಒಂದು ಮಾತೂ ಆಡದೆ ಎಲ್ಲವನ್ನೂ ಗುಡಿಸಿಕೊಂಡು ಹೋದ.

ಆಗ ನನಗೆ ಅನಿಸಿದ್ದು ಇಷ್ಟು: 'ಊಟವನ್ನು ರೂಮಿಗೆ ಒಯ್ಯಬಹುದಾ' ಅನ್ನುವ ಪ್ರಶ್ನೆಯನ್ನು ನಾವು ಬರೀ ಹಕ್ಕಿನ ಪ್ರಶ್ನೆ ಮಾಡಿಕೊಂಡಿದ್ದೇವೆ. ನಿಜವಾಗಿ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ದುಡ್ಡಿನದ್ದು, ಹೊತ್ತಿನದ್ದು, ಉಳಿದ ಎಂಜಲಿನದ್ದು.

ಹಡಗಿನಲ್ಲಿ ಹೇಗೆ?

ಈ ಪ್ರಶ್ನೆ ಜಗತ್ತಿನಲ್ಲಿ ಹೆಚ್ಚು ಕೇಳಿಬರುವುದು ಕ್ರೂಸ್ ಹಡಗುಗಳ ವಿಚಾರದಲ್ಲಿ. ಮುಂಬೈನಿಂದ ಗೋವಾ ಕಡೆಗೆ ಹಡಗಿನಲ್ಲಿ ಹೋಗಿಬರುವ ಕನ್ನಡಿಗರೂ ಈಗ ಇದ್ದಾರೆ. ಅಲ್ಲಿನ ಸಾಮಾನ್ಯ ಪದ್ಧತಿ ಹೀಗಿದೆ: ಬಫೆಯಿಂದ ಒಂದು ತಟ್ಟೆ ತುಂಬಿಕೊಂಡು ನಿಮ್ಮ ಕ್ಯಾಬಿನ್‌ಗೆ ಒಯ್ದರೆ ಹೆಚ್ಚಿನ ಹಡಗುಗಳಲ್ಲಿ ಯಾರೂ ತಡೆಯುವುದಿಲ್ಲ. ಕಾಫಿ, ಹಣ್ಣು, ಕೇಕ್ ತುಂಡು ಹಿಡಿದು ಕಾರಿಡಾರ್‌ನಲ್ಲಿ ನಡೆಯುವವರು ಬೇಕಾದಷ್ಟು ಸಿಗುತ್ತಾರೆ. ಆದರೆ ಅದೇ ಹಣ್ಣನ್ನು ಬಂದರಿನಲ್ಲಿ ಇಳಿಯುವಾಗ ಚೀಲದಲ್ಲಿಟ್ಟುಕೊಂಡರೆ ಅನೇಕ ದೇಶಗಳಲ್ಲಿ ದಂಡ ಬೀಳುತ್ತದೆ. ಹಣ್ಣಿನೊಳಗಿನ ಒಂದು ಹುಳ ಆ ನಾಡಿನ ಬೆಳೆಗೆ ರೋಗ ತರಬಹುದು ಅನ್ನುವ ಭಯ ಅದಕ್ಕೆ ಕಾರಣ.

ಒಳಗೆ ಇಷ್ಟು ಸಡಿಲ, ಹೊರಗೆ ಅಷ್ಟು ಬಿಗಿ ಯಾಕೆ? ಹಡಗು ಒಂದು ಮುಚ್ಚಿದ ಡಬ್ಬಿ ಇದ್ದ ಹಾಗೆ. ನೀವು ಕ್ಯಾಬಿನ್‌ನಲ್ಲಿ ಬಿಟ್ಟ ತಟ್ಟೆಯನ್ನು ಸಿಬ್ಬಂದಿ ಎತ್ತುತ್ತಾರೆ, ಅದು ಮರಳಿ ಅಡುಗೆಮನೆಗೇ ಹೋಗುತ್ತದೆ. ಅಲ್ಲಿಂದ ಮುಂದೆ ಎಂಜಲಿಗೂ ಕಾನೂನಿದೆ. ಹಡಗುಗಳ ಕಸದ ಬಗೆಗಿನ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ಲಾಸ್ಟಿಕ್ ಅನ್ನು ಸಮುದ್ರದ ಯಾವ ಜಾಗದಲ್ಲೂ ಎಸೆಯುವಂತಿಲ್ಲ. ಊಟದ ತ್ಯಾಜ್ಯವನ್ನು ಸಾಮಾನ್ಯವಾಗಿ ದಡದಿಂದ 12 ನಾಟಿಕಲ್ ಮೈಲಿ ಆಚೆ ಮಾತ್ರ ಬಿಡಬಹುದು. ಸಣ್ಣಗೆ ಅರೆದಿದ್ದರೆ 3 ಮೈಲಿ ಆಚೆ.

ಅಂದರೆ ಹಡಗಿನಲ್ಲಿ ತಟ್ಟೆ ಎಲ್ಲಿಗೆ ಹೋದರೂ ಅದು ಮರಳಿ ಬರುವ ದಾರಿ ಮೊದಲೇ ಗೊತ್ತಿರುತ್ತದೆ. ಸಡಿಲ ಬಂದಿರುವುದು ಆ ವ್ಯವಸ್ಥೆಯಿಂದ, ಗಿರಾಕಿ ದುಡ್ಡು ಕೊಟ್ಟಿದ್ದಾನೆ ಅಂತಲ್ಲ.

ಕಾಡಿನ ಡಬ್ಬಿಗೆ ಮುಚ್ಚಳ ಇಲ್ಲ

ಈಗ ಉಳವಿಗೆ ಬನ್ನಿ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಅಂತ ಹೊಸ ಹೆಸರು ಬಂತು. ಹುಲಿ, ಕರಿಚಿರತೆ, ಕರಡಿ, ಆನೆ ಇರುವ ಕಾಡು ಇದು. ದಾಂಡೇಲಿ, ಗಣೇಶಗುಡಿ, ಜೋಯಿಡಾ ಸುತ್ತಲಿನ ರೆಸಾರ್ಟು, ಹೋಂಸ್ಟೇಗಳಲ್ಲಿ ಬಹಳಷ್ಟು ಇರುವುದು ಈ ಕಾಡಿನ ಅಂಚಿನಲ್ಲೇ. ಇಲ್ಲಿ ಕಾಟೇಜಿನ ಹೊರಗಿಟ್ಟ ತಟ್ಟೆ ಅಡುಗೆಮನೆಗೆ ಮರಳುವ ಮೊದಲು ಮಂಗನ ಕೈ ಸೇರುತ್ತದೆ. ಮಂಗ ಆಗದಿದ್ದರೆ ಹಂದಿ, ಹಂದಿ ಆಗದಿದ್ದರೆ ನಾಯಿ. ನಾಯಿ ಬಂದಲ್ಲಿ ಅದರ ಹಿಂದೆ ಚಿರತೆಯೂ ಬರಬಹುದು.

ಮಂಗಕ್ಕೆ ಒಂದು ಚಪಾತಿ ಸಿಕ್ಕರೆ ಏನು ಮಹಾ ಅನಿಸಬಹುದು. ಆದರೆ ಅದು ಒಂದು ಸಲ ಕಲಿತದ್ದನ್ನು ಮರೆಯುವುದಿಲ್ಲ. ಕಾಡಿನಲ್ಲಿ ದಿನವೆಲ್ಲ ಅಲೆದು ಸಿಗುವ ಆಹಾರ ಒಂದು ಬಾಗಿಲ ಮುಂದೆ ಹತ್ತು ನಿಮಿಷದಲ್ಲಿ ಸಿಕ್ಕರೆ ಅದು ನಾಳೆಯೂ ಅಲ್ಲಿಗೇ ಬರುತ್ತದೆ. ಮುಂದಿನ ವಾರ ಕೈಯಿಂದ ಕಿತ್ತುಕೊಳ್ಳುತ್ತದೆ, ಆಮೇಲೆ ಕಚ್ಚುತ್ತದೆ. ಆ ಹೊತ್ತಿಗೆ ನಾವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೇವೆ. ಕಚ್ಚಿಸಿಕೊಳ್ಳುವುದು ಅಂಗಳ ಗುಡಿಸುವ ಹುಡುಗ, ಪಕ್ಕದ ಮನೆಯ ಮಗು. ಸಾರಿನ ವಾಸನೆ ಹಿಡಿದ ಪ್ಲಾಸ್ಟಿಕ್ ಚೀಲವನ್ನು ಜಿಂಕೆ, ಆನೆ ನುಂಗಿದರೆ ಅದು ಜೀರ್ಣವೂ ಆಗುವುದಿಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ 'ಪಾರ್ಸೆಲ್ ಕೊಡಿ' ಅಂದ ತಕ್ಷಣ ಕೈಗೆ ಬರುವುದು ಇವತ್ತಿಗೂ ಒಂದು ಪ್ಲಾಸ್ಟಿಕ್ ಚೀಲವೇ.

ಅನ್ನದ ಗಡಿಯಾರ

ಎರಡನೆಯದು ಹೊತ್ತಿನ ಪ್ರಶ್ನೆ. 'ರಾತ್ರಿ ಹಸಿವಾದರೆ ಇರಲಿ' ಅಂತ ರೂಮಿಗೆ ಒಯ್ಯುವ ಊಟದಲ್ಲಿ ಹೆಚ್ಚು ಅಪಾಯದ್ದು ಅನ್ನ. ಮಾಂಸಕ್ಕೆ ಹೆದರುವ ನಾವು ಅನ್ನಕ್ಕೆ ಹೆದರುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲಿ ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಮೊಳೆತು ಬೆಳೆಯುತ್ತವೆ. ಅವು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದು ಅದರಿಂದಲೇ.

ಲೆಕ್ಕ ಹಾಕಿ ನೋಡಿ. ಅನುಕೂಲದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಎರಡು ಪಟ್ಟಾಗುತ್ತದೆ ಅಂತಿಟ್ಟುಕೊಳ್ಳಿ. ಒಂದು ಇದ್ದದ್ದು ಒಂದು ಗಂಟೆಗೆ 8, ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4096. ಒಂಬತ್ತಕ್ಕೆ ಕಟ್ಟಿಸಿಕೊಂಡ ಅನ್ನವನ್ನು ರಾತ್ರಿ ಒಂದಕ್ಕೆ ಬಿಚ್ಚಿದರೆ ಅದು ಈ ಕೊನೆಯ ಸಂಖ್ಯೆ. ಬಡಿಸುವ ಜಾಗದಲ್ಲಿ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು ಅನ್ನುವ ನಿಯಮ ಬಂದಿರುವುದು ಇದೇ ಕಾರಣಕ್ಕೆ. ತಟ್ಟೆ ಹಾಲ್ ದಾಟಿದ ಮೇಲೆ ಆ ಕಾವಲು ಮುಗಿಯಿತು. ಎರಡು ಗಂಟೆಯೊಳಗೆ ಉಂಡುಬಿಟ್ಟರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಮಳೆಗಾಲದಲ್ಲಿ, ಆಸ್ಪತ್ರೆ ದೂರ ಇರುವ ಕಾಡೂರಿನಲ್ಲಿ, ಅದಕ್ಕೂ ಮೀರಿ ಇಟ್ಟುಕೊಳ್ಳುವುದು ಜಾಣತನವಲ್ಲ.

ಚಕ್ಕಡಿಯ ಬುತ್ತಿ

ಇದನ್ನೆಲ್ಲ ನಮ್ಮ ಹಿರಿಯರು ಗಣಿತ ಇಲ್ಲದೆಯೇ ತಿಳಿದಿದ್ದರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಶರಣರೊಂದಿಗೆ ಬಂದ ಚನ್ನಬಸವಣ್ಣನವರು ಐಕ್ಯರಾದ ಜಾಗ ಉಳವಿ. ಭಾರತ ಹುಣ್ಣಿಮೆ ಹೊತ್ತಿನ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಮಾಡಿ ಬರುವವರಿದ್ದಾರೆ. ಅವರ ಬುತ್ತಿ ನೋಡಿ: ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಒಂದರಲ್ಲೂ ನೀರಿನ ಪಸೆ ಇಲ್ಲ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅನ್ನ ಕಟ್ಟಿದರೂ ಮೊಸರು ಕಲಸಿ ಕಟ್ಟುತ್ತಾರೆ, ಹುಳಿ ಸ್ವಲ್ಪ ಹೊತ್ತು ಕಾಯುತ್ತದೆ. ಒಯ್ಯುವ ಊಟ ಬೇರೆ, ಕೂತು ಉಣ್ಣುವ ಊಟ ಬೇರೆ ಅನ್ನುವ ವಿವೇಕ ಅದು. ನಾವು ಬಫೆಯಲ್ಲಿ ಮಾಡುವ ತಪ್ಪು, ಕೂತು ಉಣ್ಣುವ ಊಟವನ್ನು ಬುತ್ತಿ ಅಂದುಕೊಳ್ಳುವುದು.

ಇನ್ನು ದುಡ್ಡಿನ ವಾದ. ಬಫೆಯ ಬೆಲೆ ನಿಂತಿರುವುದು ಸರಾಸರಿ ಹೊಟ್ಟೆಯ ಮೇಲೆ. ಒಬ್ಬ ಹೆಚ್ಚು ಉಣ್ಣುತ್ತಾನೆ, ಇನ್ನೊಬ್ಬಳು ಕಡಿಮೆ, ಎರಡೂ ಸೇರಿ ಲೆಕ್ಕ ಸರಿಹೋಗುತ್ತದೆ. ಆದರೆ ಹೊಟ್ಟೆಗೆ ಮಿತಿ ಇದೆ, ಡಬ್ಬಿಗಿಲ್ಲ. ಹತ್ತು ಜನರಿಗೆ ಅಳೆದು ಅಡುಗೆ ಮಾಡುವ ಹೋಂಸ್ಟೇಯಲ್ಲಿ ನಾಳೆ ದಾರಿಗೆ ಅಂತ ಇಬ್ಬರು ಡಬ್ಬಿ ತುಂಬಿಕೊಂಡರೆ, ಕೊನೆಗೆ ಉಣ್ಣಲು ಕೂತ ಮನೆಯಾಕೆಗೆ ಪಲ್ಯ ಇರುವುದಿಲ್ಲ.

ದಾಸೋಹದಲ್ಲಂತೂ ದುಡ್ಡಿನ ಮಾತೇ ಬರುವುದಿಲ್ಲ. ಅಲ್ಲಿ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಣ್ಣುವುದೇ ಅದರ ತಿರುಳು. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಕೇಳದೆ ಉಣ್ಣುವುದನ್ನು ಕಲಿಸಲು ಶರಣರು ದೊಡ್ಡ ಬೆಲೆ ಕೊಟ್ಟಿದ್ದಾರೆ. ಆ ತಟ್ಟೆಯನ್ನು ಎತ್ತಿಕೊಂಡು ರೂಮಿಗೆ ಹೋದರೆ ಅನ್ನ ಹೊಟ್ಟೆ ಸೇರುತ್ತದೆ, ದಾಸೋಹ ಅಲ್ಲೇ ಉಳಿಯುತ್ತದೆ.

ಹಾಗಾದರೆ ಅಮ್ಮ?

ನಡೆಯಲಾಗದವರು, ಸಕ್ಕರೆ ಕಾಯಿಲೆಯವರು, ಬಾಣಂತಿಯರು, ಚಿಕ್ಕ ಮಕ್ಕಳು ಏನು ಮಾಡಬೇಕು? ಇವರಿಗೆ ಊಟ ರೂಮಿಗೆ ಹೋಗಲೇಬೇಕು. ಅದಕ್ಕೆ 'ಇಲ್ಲ' ಅನ್ನುವ ವಸತಿ ಒಳ್ಳೆಯ ವಸತಿಯಲ್ಲ. 'ಊಟ ಹೊರಗೆ ಒಯ್ಯುವಂತಿಲ್ಲ' ಅಂತ ಬೋರ್ಡ್ ಹಾಕುವವರು ಅದರ ಕೆಳಗೇ 'ಬರಲಾಗದವರಿಗೆ ತಂದುಕೊಡುತ್ತೇವೆ' ಅಂತಲೂ ಬರೆಯಬೇಕು. ಮುಚ್ಚಳ ಇರುವ ಸ್ಟೀಲ್ ಡಬ್ಬಿ, ಅದನ್ನು ಮರಳಿ ಒಯ್ಯುವ ಒಬ್ಬ ಮನುಷ್ಯ, ಇಷ್ಟಿದ್ದರೆ ಸಾಕು. ಕಾಯಿಲೆಯವರು ರಾತ್ರಿಗೆ ಇಟ್ಟುಕೊಳ್ಳಲು ಬಾಳೆಹಣ್ಣು, ಒಣ ರೊಟ್ಟಿ, ಮುಚ್ಚಿದ ಬಿಸ್ಕತ್ತು ಸಾಕು. ಅದೂ ರೂಮಿನ ಒಳಗೆ, ಕಿಟಕಿ ಹಾಕಿಕೊಂಡು. ಸಿಪ್ಪೆ, ಕಾಗದವನ್ನು ಬೆಳಿಗ್ಗೆ ಕೈಯಾರೆ ಅಡುಗೆಮನೆಗೆ ಕೊಡಬೇಕು.

ಆವತ್ತು ಆ ಹುಡುಗ ಹೇಳಿದ್ದೂ ಇದನ್ನೇ. 'ಒಯ್ಯಬೇಡಿ' ಅಂದದ್ದು ಮಾತ್ರ ನನ್ನ ಕಿವಿಗೆ ಬಿತ್ತು. 'ನಾವೇ ತಂದ್ ಕೊಡ್ತೀವಿ' ಅಂದದ್ದು ಬೀಳಲಿಲ್ಲ. ತಟ್ಟೆ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಮರಳಿ ತರುವವರು ಯಾರು ಅಂತ ಒಂದು ಸಲ ಕೇಳಿಕೊಂಡಿದ್ದರೆ, ಅವನು ಬೆಳಿಗ್ಗೆ ಎದ್ದು ನಮ್ಮ ಎಂಜಲು ಗುಡಿಸಬೇಕಾಗುತ್ತಿರಲಿಲ್ಲ.