ಮೊದಲು ಗೆಳೆತನ, ಆಮೇಲೆ ಸೂರು

ಮನೆ ಬಿಟ್ಟು ಓಡಿಬಂದ ಹುಡುಗ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದ ಕೂಡಲೇ ಹಲವರ ಕಣ್ಣಿಗೆ ಬೀಳುತ್ತಾನೆ. ಹೋಟೆಲಿಗೆ ಆಳು ಹುಡುಕುವ ದಲ್ಲಾಳಿ, ಚಿಂದಿ ಆಯುವ ಗುಂಪಿನ ದೊಡ್ಡ ಹುಡುಗರು, ಗುಜರಿ ಅಂಗಡಿಗೆ ಕೈಯಾಳು ಬೇಕಾದವರು, ಎಲ್ಲರೂ ಅವನನ್ನು ನಗುನಗುತ್ತಲೇ ಮಾತಿಗೆಳೆಯಬಲ್ಲರು. ಅವರೆಲ್ಲರಿಗಿಂತ ಮುಂಚೆ ಆ ಹುಡುಗನನ್ನು ಮುಟ್ಟಬೇಕೆಂದು ದುಡಿಯುತ್ತಿರುವುದು ‘ಬೆಂಗಳೂರು ಓಣಿಯವರ ಸೇವಾ ಕೂಟ’. ‘ಬಾಸ್ಕೊ’ ಎಂದೇ ಹೆಸರಾಗಿರುವ ಈ ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ, ಸಲೇಶಿಯನ್ ಎಂಬ ಕ್ಯಾಥೊಲಿಕ್ ಸಭೆಯ ತರುಣರು ಬೀದಿಯ ಹುಡುಗರನ್ನು ಅವರಿದ್ದಲ್ಲಿಗೇ ಹೋಗಿ ಕಾಣತೊಡಗಿದ್ದರಿಂದ ಇದು ಬೆಳೆಯಿತು. ಬಡ ಮಕ್ಕಳ ನಡುವಿನ ಕ್ರೈಸ್ತ ಸೇವೆ ಎಂದೊಡನೆ ನಮಗೆ ಅನಾಥಾಲಯದ ಕಟ್ಟಡ, ಊಟದ ಪಂಕ್ತಿ, ಪ್ರಾರ್ಥನೆಯ ಗಂಟೆ ನೆನಪಾಗುತ್ತವೆ. ಈ ಪರಂಪರೆಯ ದೊಡ್ಡ ಕೊಡುಗೆ ಮಾತ್ರ ಬೇರೆಯೇ. ಸೂರು ಕೊಡುವ ಮೊದಲು ಮಗುವಿನ ಒಪ್ಪಿಗೆ ಗಳಿಸಬೇಕು, ದಯೆ ತೋರುವ ಮೊದಲು ಅದರ ಹಕ್ಕನ್ನು ಮನ್ನಿಸಬೇಕು ಎಂಬ ರೀತಿಯನ್ನು ಅದು ರೂಢಿಸಿಕೊಟ್ಟಿತು. ಅದನ್ನು ನಾವು ಅಳೆಯಬೇಕಾದದ್ದೂ ಇದೇ ಅಳತೆಗೋಲಿನಿಂದ.

ಈ ರೀತಿ ರೂಪುಗೊಂಡದ್ದು ಇಟಲಿಯ ಟ್ಯೂರಿನ್ ನಗರದಲ್ಲಿ. 1841ರಲ್ಲಿ ಪಾದ್ರಿಯಾದ, ‘ಡಾನ್ ಬಾಸ್ಕೊ’ ಎಂದು ಹೆಸರಾದ ಜಾನ್ ಬಾಸ್ಕೊ ಆ ಊರಿನ ಸೆರೆಮನೆಗಳಿಗೆ ಹೋಗಿ ಬರುತ್ತಿದ್ದರು. ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಚಿಮಣಿ ಗುಡಿಸುವುದಕ್ಕೆ ಬಂದು ದಿಕ್ಕುಗೆಟ್ಟ ಹುಡುಗರು ಅಲ್ಲಿ ತುಂಬಿದ್ದರು. ಬಿಡುಗಡೆಯಾದವರು ಮತ್ತೆ ಮತ್ತೆ ಅಲ್ಲಿಗೇ ಮರಳುವುದನ್ನು ಕಂಡ ಅವರಿಗೆ, ಹೊರಗೆ ಇವರಿಗೆ ತಮ್ಮವರೆನ್ನಲು ಒಬ್ಬರೂ ಇಲ್ಲದಿರುವುದೇ ಇದರ ಮೂಲ ಎಂದು ಹೊಳೆಯಿತು. ಹಾಗಾಗಿ ಅವರ ಕೆಲಸ ಕಟ್ಟಡದಿಂದ ಆರಂಭವಾಗಲಿಲ್ಲ. ಭಾನುವಾರಗಳಂದು ಹುಡುಗರನ್ನು ಕೂಡಿಸಿ ಆಟ, ಹಾಡು, ಅಕ್ಷರ, ಧರ್ಮಪಾಠ ನಡೆಸುತ್ತಿದ್ದರು. ಗದ್ದಲ ತಾಳದ ಅಕ್ಕಪಕ್ಕದವರು ಎಬ್ಬಿಸಿದಂತೆಲ್ಲ ಈ ಗುಂಪು ಜಾಗ ಬದಲಿಸುತ್ತಾ ಹೋಯಿತು. 1846ರ ಈಸ್ಟರಿಗೆ ವಾಲ್ಡೊಕೊ ಎಂಬಲ್ಲಿ ಒಂದು ತಗ್ಗು ಛಾವಣಿಯ ಕೊಟ್ಟಿಗೆ ಬಾಡಿಗೆಗೆ ಸಿಕ್ಕಿತು. ಮಲಗಲು ಜಾಗವಿಲ್ಲದ ಕೆಲವರಿಗೆ ಹುಲ್ಲಟ್ಟದಲ್ಲಿ ಆಸರೆ ಕೊಟ್ಟರೆ, ಅವರು ಹೊದಿಕೆಗಳನ್ನೇ ಹೊತ್ತು ಪರಾರಿಯಾದರು. ಆದರೂ 1847ರಲ್ಲಿ ಮಳೆಯಲ್ಲಿ ತೊಯ್ದು ಬಾಗಿಲಿಗೆ ಬಂದ ಇನ್ನೊಬ್ಬ ಹುಡುಗನನ್ನು ಬಾಸ್ಕೊ ಮತ್ತು ಅವರ ತಾಯಿ ಮಾರ್ಗರೀಟಾ ಒಳಗೆ ಕರೆದುಕೊಂಡರು. ವಸತಿನಿಲಯ ಶುರುವಾದದ್ದೇ ಹೀಗೆ, ಒಮ್ಮೆ ಸೋತ ಮೇಲೂ ಉಳಿಸಿಕೊಂಡ ನಂಬಿಕೆಯಿಂದ.

ಅನ್ನ, ಹಾಸಿಗೆ ಕೊಟ್ಟಲ್ಲಿಗೆ ಅವರ ಕೆಲಸ ಮುಗಿಯಲಿಲ್ಲ ಎಂಬುದಕ್ಕೆ 1852ರ ಫೆಬ್ರುವರಿಯ ಒಂದು ಕರಾರುಪತ್ರ ಇಂದಿಗೂ ಸಾಕ್ಷಿಯಾಗಿ ಉಳಿದಿದೆ. ಜುಸೆಪ್ಪೆ ಒದಾಸ್ಸೊ ಎಂಬ ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಬಿಡುವಾಗ ಬರೆದದ್ದು ಅದು. ಯಜಮಾನ ಕಸುಬನ್ನು ಪೂರ್ತಿಯಾಗಿ ಕಲಿಸಬೇಕು. ತಪ್ಪು ಮಾಡಿದರೆ ಬಾಯಿಮಾತಿನಲ್ಲಿ ಮಾತ್ರ ತಿದ್ದಬೇಕು. ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಕೂಡದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು, ಕೈ ಪಳಗಿದಂತೆ ಕೂಲಿ ಏರಿಸಬೇಕು. ಎಳೆಯ ಆಳನ್ನು ಹೊಡೆದು ಬಡಿದು ಮನೆಗೆಲಸಕ್ಕೂ ಹಚ್ಚುವುದು ಯಜಮಾನಿಕೆಯ ಸಹಜ ಭಾಗವೆನಿಸಿದ್ದ ಕಾಲದಲ್ಲಿ ಇಂಥ ಷರತ್ತುಗಳನ್ನು ಕಾಗದಕ್ಕಿಳಿಸಿ ಸಹಿ ಹಾಕಿಸಿದ್ದು ಸಣ್ಣ ಮಾತಲ್ಲ. ಬೀದಿಯ ಹುಡುಗ ಅಲ್ಲಿ ದಾನ ಪಡೆಯುವವನಾಗಿರಲಿಲ್ಲ, ಒಪ್ಪಂದದಲ್ಲಿ ಒಬ್ಬ ಕಕ್ಷಿದಾರನಾಗಿದ್ದ. ಮುಂದೆ ಚಪ್ಪಲಿ ಹೊಲಿಯುವ, ಪುಸ್ತಕಕ್ಕೆ ರಟ್ಟು ಕಟ್ಟುವ, ಮರಗೆಲಸದ, ಮುದ್ರಣದ ಕಾರ್ಯಾಗಾರಗಳು ವಾಲ್ಡೊಕೊದಲ್ಲೇ ತೆರೆದವು. 1859ರಲ್ಲಿ ಅವರಿಂದ ಸಲೇಶಿಯನ್ ಸಭೆ ಹುಟ್ಟಿತು, 1906ರಲ್ಲಿ ಭಾರತಕ್ಕೆ ಅದರ ಮೊದಲ ತಂಡ ಬಂದು ತಂಜಾವೂರಿನಲ್ಲಿ ಇಳಿಯಿತು.

ಬೆಂಗಳೂರಿನ ಬಾಸ್ಕೊ ಈ ರೀತಿಯನ್ನು ಇಲ್ಲಿನ ಓಣಿಗಳಿಗೆ ಒಗ್ಗಿಸಿಕೊಂಡಿದೆ. ಕಾರ್ಯಕರ್ತರ ಮೊದಲ ಕೆಲಸ ಬೀದಿಯಲ್ಲಿ ಇರುವುದು. ನಿಲ್ದಾಣ, ಮಾರುಕಟ್ಟೆ, ಗುಜರಿ ಅಂಗಡಿಗಳ ಸುತ್ತ ದಿನವೂ ಕಾಣಿಸಿಕೊಂಡು ಹುಡುಗರಿಗೆ ಪರಿಚಿತ ಮುಖವಾಗಬೇಕು. ಗಾಯಕ್ಕೆ ಮದ್ದು, ಒಂದಿಷ್ಟು ಆಟ, ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂಬ ನಿಧಾನದ ಮಾತು, ಇವೆಲ್ಲ ಆದ ಮೇಲೆಯೇ ತಂಗುದಾಣ, ಶಾಲೆ, ಕಸುಬಿನ ತರಬೇತಿಯ ಪ್ರಸ್ತಾಪ. ಆಗತಾನೇ ರೈಲಿನಿಂದ ಇಳಿದ ಮಗುವಿನ ವಿಷಯದಲ್ಲಿ ಮಾತ್ರ ಇಷ್ಟು ಸಾವಧಾನ ಸಲ್ಲದು. ಬಾಲನ್ಯಾಯ ಕಾಯ್ದೆಯ ಪ್ರಕಾರ ಅದನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ಮನೆಗೆ ಕಳುಹಿಸುವುದೋ, ಪಾಲನಾ ಕೇಂದ್ರದಲ್ಲಿ ಇರಿಸುವುದೋ ಎಂಬುದು ಸಮಿತಿಯ ತೀರ್ಮಾನ. ಮಗುವಿನ ಅಭಿಪ್ರಾಯ ಕೇಳಬೇಕು, ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಿರಬೇಕು ಎಂದು 2015ರ ಕಾಯ್ದೆಯ ಮೂಲತತ್ವಗಳೇ ಹೇಳುತ್ತವೆ. ಬೀದಿಯಲ್ಲಿ ದುಡಿದವರು ಅನುಭವದಿಂದ ಕಂಡುಕೊಂಡದ್ದು ಹೀಗೆ ನೆಲದ ಕಾನೂನೂ ಆಗಿದೆ.

ಮಕ್ಕಳಿಗೆ ಬೀದಿಯಲ್ಲೇ ಔಷಧಿ, ಸ್ನೇಹ ಎಲ್ಲ ಸಿಕ್ಕರೆ ಅವರು ಬೀದಿ ಬಿಡುವುದುಂಟೇ, ಹಿಡಿದು ತಂದು ಬಾಲಮಂದಿರಕ್ಕೆ ಸೇರಿಸುವುದೇ ಸರಿಯಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಚಿಂದಿ ಆಯುವ ಹುಡುಗನ ಕೈಯಲ್ಲಿ ದಿನದ ಸಂಪಾದನೆ ಇರುತ್ತದೆ, ಗೆಳೆಯರ ಬಳಗ ಇರುತ್ತದೆ, ಹೇಳುವವರು ಕೇಳುವವರಿಲ್ಲದ ಸ್ವಾತಂತ್ರ್ಯ ಇರುತ್ತದೆ. ಅವನ ಮನಸ್ಸು ಗೆಲ್ಲದೆ ಗೋಡೆಯೊಳಗೆ ಕೂಡಿಸಿದರೆ ಅವನು ಗೋಡೆ ಹಾರುತ್ತಾನೆ, ಮುಂದಿನ ಸಲ ನೆರವಿಗೆ ಬಂದವರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೀದಿಗಿಂತ ಮೇಲಾದ ಬದುಕೊಂದಿದೆ ಎಂದು ಅವನಿಗೇ ಅನ್ನಿಸಬೇಕು. ಹಾಗೆ ಅನ್ನಿಸಲು ತಿಂಗಳುಗಟ್ಟಲೆ ಹಿಡಿದರೂ ಉಳಿದುಕೊಳ್ಳುವ ಬದಲಾವಣೆ ಅದೊಂದೇ.

ಎರಡನೆಯ ಆಕ್ಷೇಪ ಮತಾಂತರದ್ದು. ಅದನ್ನು ಮಾತು ತೇಲಿಸಿ ದಾಟಿಹೋಗುವುದು ತಪ್ಪು. 1877ರಲ್ಲಿ ಡಾನ್ ಬಾಸ್ಕೊ ತಮ್ಮ ಶಿಕ್ಷಣ ಪದ್ಧತಿಯನ್ನು ಬರೆದಿಟ್ಟಾಗ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಕಂಬಗಳ ಮೇಲೆ ಅದನ್ನು ನಿಲ್ಲಿಸಿದರು. ಟ್ಯೂರಿನ್ನಿನ ಹುಡುಗರು ಬಹುಪಾಲು ಕ್ಯಾಥೊಲಿಕ್ ಮನೆಗಳಿಂದಲೇ ಬಂದವರಾದ್ದರಿಂದ ಅಲ್ಲಿ ಎರಡನೆಯ ಕಂಬ ತಗಾದೆಯ ವಿಷಯವಾಗಲಿಲ್ಲ. ನಮ್ಮಲ್ಲಿ ಹಾಗಲ್ಲ. ಹಸಿದ ಮಗುವಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಆದ್ದರಿಂದ ಅನ್ನದ ತಟ್ಟೆಯ ಜೊತೆ ಧರ್ಮವನ್ನು ಇಡಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ಧರ್ಮಬೋಧೆ ಕಡ್ಡಾಯ ಮಾಡುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಪೋಷಕರೇ ಹತ್ತಿರವಿಲ್ಲದ ಮಗುವಿನ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಸೇವೆ ಮಾಡುವವರ ನಂಬಿಕೆ ಅವರನ್ನು ನಡುರಾತ್ರಿ ಪ್ಲಾಟ್‌ಫಾರ್ಮಿಗೆ ಎಬ್ಬಿಸಿ ಕಳುಹಿಸುವ ಪ್ರೇರಣೆಯಾಗಲಿ, ಅದು ಗೌರವಕ್ಕೆ ಅರ್ಹ. ಮಗುವಿನ ಮೇಲೆ ಹೇರುವ ಷರತ್ತಾದರೆ, ಡಾನ್ ಬಾಸ್ಕೊ ಒದಾಸ್ಸೊನ ಪರವಾಗಿ ಬರೆಸಿದ ಕರಾರಿನ ಆತ್ಮಕ್ಕೇ ಅದು ದ್ರೋಹ.

ಮಿಷನರಿ ವಸತಿ ಸಂಸ್ಥೆಗಳ ಒಳಗೇ ಮಕ್ಕಳು ನರಳಿದ ಚರಿತ್ರೆಯೂ ಇದೆಯಲ್ಲ ಎಂಬ ಮಾತು ಇನ್ನೂ ಗಂಭೀರ. ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಸಭೆಗಳು ನಡೆಸುತ್ತಿದ್ದ ಕೈಗಾರಿಕಾ ಶಾಲೆಗಳ ದೌರ್ಜನ್ಯವನ್ನು 2009ರ ರಯಾನ್ ವರದಿ ಬಯಲಿಗೆಳೆಯಿತು. ಈ ಸತ್ಯ ಮೇಲಿನ ವಾದವನ್ನು ಗಟ್ಟಿ ಮಾಡುತ್ತದೆ. ಅಲ್ಲಿ ಸೂರಿತ್ತು, ಮಗುವಿನ ದನಿಗೆ ಮಾತ್ರ ಜಾಗವಿರಲಿಲ್ಲ. ಮಕ್ಕಳ ಪಾಲನಾ ಸಂಸ್ಥೆಗಳೆಲ್ಲ ಕಡ್ಡಾಯವಾಗಿ ನೋಂದಣಿಯಾಗಬೇಕು, ತಪಾಸಣೆಗೆ ಒಳಪಡಬೇಕು ಎಂದು ನಮ್ಮ ಕಾನೂನು ಹೇಳುವುದು ಈ ಕಾರಣಕ್ಕೇ. ನಡೆಸುವವರು ಎಷ್ಟೇ ತ್ಯಾಗಿಗಳಾದರೂ ಈ ಕಣ್ಗಾವಲಿಗೆ ವಿನಾಯಿತಿ ಇರಬಾರದು.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ ಎಂಬುದೂ ನಿಜ. 1996ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯೋಗವಾಗಿ ಮೊದಲಾದ 1098 ಸಹಾಯವಾಣಿ ದೇಶವೆಲ್ಲ ಹಬ್ಬಿ, 2023ರಿಂದ ಸರ್ಕಾರದ ಆಡಳಿತಕ್ಕೆ ಬಂದದ್ದು ಆ ದಿಕ್ಕಿನ ಹೆಜ್ಜೆ. ಕರೆ ಸ್ವೀಕರಿಸುವ ಹೊಣೆ ಸರ್ಕಾರದ್ದಾದರೂ, ಬೀದಿಯ ಮಗುವಿನ ಪಕ್ಕದಲ್ಲಿ ಕೂತು ಅದರ ನಂಬಿಕೆ ಗಳಿಸುವ ಕೆಲಸಕ್ಕೆ ಮನಸ್ಸಿಟ್ಟು ದುಡಿಯುವ ಮನುಷ್ಯರೇ ಬೇಕು. ಹಣ, ಅಧಿಕಾರ, ಕಾನೂನಿನ ಬಲವನ್ನು ಸರ್ಕಾರ ಕೊಡಲಿ. ಆ ಮಗುವಿನ ಬಳಿಗೆ ನಡೆದುಹೋಗುವವರು ಯಾವ ಧರ್ಮದವರೇ ಆಗಿರಲಿ, ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ನಿಮ್ಮಲ್ಲಿ ಮಗುವಿನ ಮಾತಿಗೆ ಬೆಲೆ ಇದೆಯೇ, ನೀವು ಕೊಡುವ ಅನ್ನಕ್ಕೆ ಷರತ್ತಿದೆಯೇ, ನಿಮ್ಮ ಬಾಗಿಲು ತಪಾಸಣೆಗೆ ತೆರೆದಿದೆಯೇ? ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲವರ ಬೆನ್ನಿಗೆ ನಾಡು ನಿಲ್ಲಬೇಕು. ಕೊಡಲಾರದವರಿಂದ ಮಕ್ಕಳನ್ನು ಬಿಡಿಸಿಕೊಳ್ಳಬೇಕು.