ಜನನ ಪ್ರಮಾಣ ಏರಿಕೆಗೆ ಸಾಲ ಮನ್ನಾ, ತೆರಿಗೆ ವಿನಾಯಿತಿ: ಹಂಗೇರಿಯ ಅನುಭವ

ಜನನ ಪ್ರಮಾಣ ಕುಸಿದರೆ ಕಾಲಕ್ರಮದಲ್ಲಿ ಕಾರ್ಮಿಕರೂ ಗ್ರಾಹಕರೂ ಕಡಿಮೆಯಾಗಿ, ತೆರಿಗೆದಾರರ ಮೇಲೆ ಪಿಂಚಣಿಯ ಹೊರೆ ಹೆಚ್ಚುತ್ತದೆ. ಇದನ್ನು ತಡೆಯಲು ಹಂಗೇರಿ ಸರ್ಕಾರವು 2019ರಲ್ಲಿ ಯುವ ದಂಪತಿಗಳಿಗೆ 1 ಕೋಟಿ ಫೋರಿಂಟ್‌ವರೆಗೆ ಬಡ್ಡಿರಹಿತ ಸಾಲವನ್ನು ಘೋಷಿಸಿತು. ಮೂರನೆಯ ಮಗು ಜನಿಸಿದರೆ ಬಾಕಿ ಪೂರ್ತಿ ಮನ್ನಾ. ಐದು ವರ್ಷಗಳಲ್ಲಿ ಮಗುವಾಗದಿದ್ದರೆ ಬಡ್ಡಿ ತೆರಬೇಕು. 2020ರಿಂದ ನಾಲ್ಕು ಮಕ್ಕಳ ತಾಯಂದಿರ ದುಡಿಮೆಯ ಆದಾಯಕ್ಕೆ ತೆರಿಗೆ ವಿನಾಯಿತಿಯೂ ದೊರೆಯಿತು.

2011ರಲ್ಲಿ ಪ್ರತಿ ಮಹಿಳೆಗೆ ಸರಾಸರಿ 1.2ರಷ್ಟಿದ್ದ ಮಕ್ಕಳ ಸಂಖ್ಯೆಯು 2021ರಲ್ಲಿ 1.6ರ ಸಮೀಪಕ್ಕೇರಿ, 2024ರಲ್ಲಿ ಮತ್ತೆ 1.4ರ ಆಸುಪಾಸಿಗೆ ಇಳಿಯಿತು. ಜನಸಂಖ್ಯೆ ಸ್ಥಿರವಾಗಿರಲು 2.1 ಅಗತ್ಯ. ತೆರಿಗೆ ವಿನಾಯಿತಿಯ ಲಾಭ ತೆರಿಗೆಗೊಳಪಡುವ ಆದಾಯವಿದ್ದವರಿಗೆ ಮಾತ್ರ. ಬಯಸಿದ ಮಗುವನ್ನು ಬೇಗ ಪಡೆಯಲು ಸಾಲ ನೆರವಾಗಬಹುದು. ಇನ್ನೊಂದು ಮಗು ಬೇಕೆನಿಸಲು ಸ್ಥಿರ ಉದ್ಯೋಗ, ಕೈಗೆಟಕುವ ಮನೆ, ಶಿಶುಪಾಲನೆಯ ವ್ಯವಸ್ಥೆಯೂ ಇರಬೇಕಾಗುತ್ತದೆ.